ಮೂವತ್ತಮೂರನೆಯ ವಚನ ಯಾರ ಮಾತು?

ಬೈಬಲ್ ತರಗತಿಗೆ ಬರುವ ಯುವಕರ ಕೈಯಲ್ಲಿರುವ ಸತ್ಯವೇದವನ್ನು ತೆರೆದರೆ, ಯೋಹಾನನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ 33ನೆಯ ವಚನದ ಕೆಳಗೆ ಮಾತ್ರ ಕೆಂಪು ಗೆರೆ ಎಳೆದಿರುವುದನ್ನು ಮತ್ತೆ ಮತ್ತೆ ಕಾಣುತ್ತೇನೆ. ಮನುಷ್ಯನಾದ ನೀನು ನಿನ್ನನ್ನು ದೇವರನ್ನಾಗಿ ಮಾಡಿಕೊಳ್ಳುತ್ತೀ ಎಂಬುದು ಅಲ್ಲಿನ ಮಾತು. ಯೇಸುಸ್ವಾಮಿಯ ದೈವತ್ವವನ್ನು ಯಾರಾದರೂ ಪ್ರಶ್ನಿಸಿದರೆ ಸಾಕು, "ಆತನೇ ಹೇಳಿಕೊಂಡಿದ್ದಾನಲ್ಲ" ಎಂದು ಈ ವಚನವನ್ನು ಮುಂದಿಡುತ್ತಾರೆ. ದಯವಿಟ್ಟು ಗಮನಿಸಿ: ಇದು ಆತನು ಹೇಳಿದ ಮಾತಲ್ಲ, ಕೈಯಲ್ಲಿ ಕಲ್ಲು ಹಿಡಿದು ನಿಂತವರು ಆತನ ಮೇಲೆ ಹೊರಿಸಿದ ಆರೋಪ. ಆರೋಪಪಟ್ಟಿಯನ್ನು ಓದಿ ಅದನ್ನೇ ಆರೋಪಿಯ ಹೇಳಿಕೆ ಎಂದು ಯಾವ ನ್ಯಾಯಾಲಯವೂ ಬರೆದುಕೊಳ್ಳುವುದಿಲ್ಲ.

ಹಾಗೆಂದು ಆರೋಪ ಹೊರಿಸಿದವರನ್ನು ಕೇಡಿಗರೆಂದು ತಳ್ಳಿಹಾಕುವುದೂ ಸರಿಯಲ್ಲ. ಒಮ್ಮೆ ತರಗತಿಯಲ್ಲಿ ಒಬ್ಬ ಅಜ್ಜಿ ಸಾಲಿನ ಮೇಲೆ ಬೆರಳಿಟ್ಟು ಓದುತ್ತ 22ನೆಯ ವಚನದ ಹತ್ತಿರ ನಿಂತು, "ಅಯ್ಯನವರೇ, ಚಳಿಗಾಲ ಅಂತ ಯಾಕೆ ಬರೆದಿದ್ದಾನೆ?" ಎಂದು ಕೇಳಿದರು. ಅಷ್ಟು ಒಳ್ಳೆಯ ಪ್ರಶ್ನೆಯನ್ನು ನನಗೆ ಕೇಳಿದವರು ಕಡಿಮೆ. ಆ ಚಳಿಗಾಲದಲ್ಲಿ ನಡೆಯುತ್ತಿದ್ದುದು ಯೆಹೂದ್ಯರ ದೇವಾಲಯದ ಪ್ರತಿಷ್ಠೆಯ ಹಬ್ಬ, ಇಂದಿನ ಹನುಕ್ಕಾ. ಕ್ರಿ.ಪೂ. 167ರಲ್ಲಿ ಸಿರಿಯದ ಗ್ರೀಕ್ ಅರಸ ನಾಲ್ಕನೆಯ ಆಂಟಿಯೋಕಸ್ ಯೆರೂಸಲೇಮಿನ ಬಲಿಪೀಠವನ್ನು ಹೊಲೆಮಾಡಿದ್ದನು. 164ರಲ್ಲಿ, ಅವನ ವಿರುದ್ಧ ದಂಗೆಯೆದ್ದ ಯೆಹೂದ್ಯರಾದ ಮಕ್ಕಬಿಯರು ಅದನ್ನು ಶುದ್ಧಗೊಳಿಸಿ ಮತ್ತೆ ಪ್ರತಿಷ್ಠಿಸಿದರು. ಆ ಅರಸನು ತನ್ನ ನಾಣ್ಯಗಳ ಮೇಲೆ ತನ್ನನ್ನು ಪ್ರತ್ಯಕ್ಷನಾದ ದೇವರೆಂದು ಅಚ್ಚು ಹಾಕಿಸಿಕೊಂಡಿದ್ದನು. ಅಂಥವನಿಂದ ಬಿಡುಗಡೆಯಾದುದನ್ನು ನೆನೆಯುವ ಹಬ್ಬದಲ್ಲಿ, ಅದೇ ದೇವಾಲಯದ ಸೊಲೊಮೋನನ ಮಂಟಪದಲ್ಲಿ ನಿಂತ ಒಬ್ಬ ಮನುಷ್ಯನು "ನಾನೂ ತಂದೆಯೂ ಒಂದಾಗಿದ್ದೇವೆ" ಎಂದಾಗ, ದೇವದೂಷಣೆಗೆ ಕಲ್ಲೆಸೆಯಬೇಕೆಂಬ ಯಾಜಕಕಾಂಡದ 24ನೆಯ ಅಧ್ಯಾಯವನ್ನು ಬಲ್ಲ ಜನ ಕೆರಳದೆ ಇರುತ್ತಾರೆಯೇ? ಈ ವಚನವನ್ನು ಹಿಡಿದು ಯೆಹೂದ್ಯರನ್ನು ಹಳಿಯುವವರನ್ನು ಕಂಡಾಗ ನನಗೆ ನಿಜಕ್ಕೂ ನೋವಾಗುತ್ತದೆ.

ಯೇಸುಸ್ವಾಮಿಯು ತಂದೆಗೆ ಸಮಾನನಲ್ಲವೆಂದು ಕಲಿಸಿದ ಅರಿಯನ ಹಿಂಬಾಲಕರಿಗೆ ತಿಳಿಯದ್ದು ಆ ಯೆಹೂದ್ಯರಿಗೆ ತಿಳಿದಿತ್ತು ಎಂದು ಪ್ರಾಚೀನ ಸಭೆಯ ಬೋಧಕನಾದ ಅಗಸ್ಟೀನನು ಬೋಧಿಸಿದ್ದುಂಟು. ಮಾತಿನ ತೂಕವನ್ನು ಅವರು ಸರಿಯಾಗಿಯೇ ಗ್ರಹಿಸಿದ್ದರು ಎಂಬಷ್ಟರ ಮಟ್ಟಿಗೆ ನಾನೂ ಒಪ್ಪುತ್ತೇನೆ. ಆದರೆ ಅವರ ಕ್ರಿಯಾಪದವನ್ನು ನೋಡಿ: "ಮಾಡಿಕೊಳ್ಳುತ್ತೀ." ಮನುಷ್ಯನು ಮೇಲೇರಿ ದೇವರಾಗಲು ಹೊರಟಿದ್ದಾನೆಂಬುದು ಅವರ ದೂರು. ಯೋಹಾನನು ಮೊದಲನೆಯ ಅಧ್ಯಾಯದಲ್ಲಿಯೇ ಬರೆದಿರುವುದು ಇದಕ್ಕೆ ತೀರಾ ತಿರುಗುಮುರುಗಾದದ್ದು, ವಾಕ್ಯವೆಂಬಾತನು, ಅಂದರೆ ದೇವರೇ ಆಗಿದ್ದಾತನು, ನರಾವತಾರ ಎತ್ತಿದನು ಎಂದು. ಆದುದರಿಂದ 33ನೆಯ ವಚನವನ್ನು ನಮ್ಮ ನಂಬಿಕೆಯ ಹೇಳಿಕೆಯಾಗಿ ಎತ್ತಿಕೊಂಡರೆ, ನಮ್ಮ ಬಾಯಿಂದಲೇ ಆ ದೂರನ್ನು ಒಪ್ಪಿಕೊಂಡಂತಾಗುತ್ತದೆ.

ಯೇಸುಸ್ವಾಮಿಯ ಉತ್ತರವು 34ರಿಂದ 38ರ ವರೆಗೆ ಇದೆ. ಆತನು 82ನೆಯ ಕೀರ್ತನೆಯ "ನೀವು ದೇವರುಗಳು" ಎಂಬ ಮಾತನ್ನು ಎತ್ತಿಕೊಂಡು, ದೇವರ ವಾಕ್ಯವನ್ನು ಹೊಂದಿದವರಿಗೇ ಆ ಹೆಸರು ಸಂದಿರುವಾಗ, ತಂದೆಯೇ ಪ್ರತಿಷ್ಠಿಸಿ ಲೋಕಕ್ಕೆ ಕಳುಹಿಸಿದವನು ದೇವಕುಮಾರನು ನಾನು ಎಂದರೆ ದೂಷಣೆಯಾದೀತೇ ಎಂದು ಕೇಳುತ್ತಾನೆ. ಆ ಕೀರ್ತನೆ ನ್ಯಾಯಾಧಿಪತಿಗಳ ಕುರಿತದ್ದೋ ಇಸ್ರಾಯೇಲ್ಯರ ಕುರಿತದ್ದೋ ಎಂಬಲ್ಲಿ ಪಂಡಿತರಲ್ಲಿ ಭೇದವಿದೆ. ನಾನು ಅದನ್ನು ತೀರ್ಮಾನಿಸಲು ಹೋಗುವುದಿಲ್ಲ. ಪ್ರತಿಷ್ಠೆಯ ಹಬ್ಬದಲ್ಲಿ ಪ್ರತಿಷ್ಠೆಯ ಮಾತನ್ನೇ ಆತನು ಆಡಿದ್ದನ್ನು ಮಾತ್ರ ಬಿಟ್ಟುಬಿಡಬೇಡಿ. ತನ್ನನ್ನು ತಾನೇ ಏನನ್ನೋ ಮಾಡಿಕೊಂಡೆನೆಂದು ಆತನು ಎಲ್ಲಿಯೂ ಒಪ್ಪಲಿಲ್ಲ. ಪ್ರತಿಷ್ಠಿಸಿದವನೂ ಕಳುಹಿಸಿದವನೂ ತಂದೆ.

ಮನುಷ್ಯರ ಸಾಕ್ಷಿಯೇ ಬೇಕೆಂದಾದರೆ ಅಧ್ಯಾಯದ ಕೊನೆಯ ಮೂರು ವಚನಗಳನ್ನು ಓದಿ. ಯೊರ್ದನ್ ಹೊಳೆಯ ಆಚೆ, ಸ್ನಾನಿಕನಾದ ಯೋಹಾನನು ಮೊದಲು ದೀಕ್ಷಾಸ್ನಾನ ಮಾಡಿಸುತ್ತಿದ್ದ ಸ್ಥಳಕ್ಕೆ ಆತನು ಹೋದಾಗ ಅನೇಕರು ಹುಡುಕಿಕೊಂಡು ಬಂದು, ಯೋಹಾನನು ಒಂದು ಸೂಚಕಕಾರ್ಯವನ್ನೂ ಮಾಡಲಿಲ್ಲವಾದರೂ ಈತನ ವಿಷಯದಲ್ಲಿ ಹೇಳಿದ್ದೆಲ್ಲ ನಿಜವಾಯಿತೆಂದು ಮಾತಾಡಿಕೊಂಡು, ಅಲ್ಲಿಯೇ ಆತನನ್ನು ನಂಬಿದರು.