ಮೆರ್ಲೋ ಹೆಸರಿನಲ್ಲಿ ಬಾಳಿದ ಕಾರ್ಮೆನೇರ್

1994ರ ನವೆಂಬರ್ 24. ಚಿಲಿಯ ಮೈಪೊ ಕಣಿವೆಯಲ್ಲಿ ದ್ರಾಕ್ಷಿ ಹೂಬಿಡುವ ಕಾಲ. ಮೆರ್ಲೋ ಎಂಬ ವೈನ್ ದ್ರಾಕ್ಷಿ ತಳಿಯೆಂದು ಬೆಳೆಸಿದ್ದ ಬಳ್ಳಿಗಳ ಸಾಲಿನಲ್ಲಿ ನಡೆಯುತ್ತಿದ್ದ ಫ್ರಾನ್ಸಿನ ದ್ರಾಕ್ಷಿತಜ್ಞ ಜಾನ್ ಮಿಷೆಲ್ ಬೂರ್ಸಿಕೊ ಒಂದು ಹೂಗೊಂಚಲನ್ನು ಹತ್ತಿರದಿಂದ ನೋಡಿದರು. ನೆಟ್ಟಗೆ ಇರಬೇಕಿದ್ದ ಕೇಸರಗಳು ತಿರುಚಿಕೊಂಡಿದ್ದವು. ಇದು ಮೆರ್ಲೋ ಅಲ್ಲ, ಕಾರ್ಮೆನೇರ್ ಎಂದರು. ಫ್ರಾನ್ಸ್ ಹೆಚ್ಚುಕಡಿಮೆ ಕಳೆದುಕೊಂಡಿದ್ದ ತಳಿ ಅದು.

ಕಾರ್ಮೆನೇರ್‌ನ ತವರು ಫ್ರಾನ್ಸಿನ ಬೋರ್ಡೋ ಪ್ರದೇಶ. ಅಲ್ಲಿನ ತಂಪು, ತೇವದ ವಸಂತದಲ್ಲಿ ಅದರ ಹೂ ಕಾಯಿಕಟ್ಟದೆ ಉದುರುತ್ತಿತ್ತು. 1860ರ ದಶಕದಿಂದ ಫಿಲೋಕ್ಸೆರಾ ಎಂಬ ಬೇರು ಹೀರುವ ಕೀಟ ಫ್ರಾನ್ಸಿನ ತೋಟಗಳನ್ನು ನಾಶಮಾಡಿತು. ಆ ಕೀಟವನ್ನು ತಾಳಬಲ್ಲ ಅಮೆರಿಕದ ಬೇರುಗಳಿಗೆ ಕಸಿ ಕಟ್ಟಿ ಮತ್ತೆ ತೋಟ ಎಬ್ಬಿಸುವಾಗ ಬೆಳೆಗಾರರು ಈ ಫಸಲು ಕೊಡದ ಬಳ್ಳಿಯನ್ನು ಕೈಬಿಟ್ಟರು. ಅವರನ್ನು ದೂರುವಂತಿಲ್ಲ. ಆದರೆ ಅದಕ್ಕೂ ಮೊದಲೇ ಬೋರ್ಡೋದ ಕಡ್ಡಿಗಳು ಹಡಗೇರಿ ಚಿಲಿಗೆ ಬಂದಿದ್ದವು. ಆಂಡೀಸ್ ಪರ್ವತ, ಅಟಕಾಮ ಮರುಭೂಮಿ, ಸಾಗರ ಸುತ್ತುವರಿದ ಆ ನಾಡಿಗೆ ಫಿಲೋಕ್ಸೆರಾ ಕಾಲಿಡಲಿಲ್ಲ. ಬಳ್ಳಿಗಳು ಸ್ವಂತ ಬೇರಿನ ಮೇಲೆಯೇ ಉಳಿದವು, ಮೆರ್ಲೋ ಜೊತೆ ಬೆರೆತು, ಅದರದೇ ಹೆಸರಿನಲ್ಲಿ.

ಈ ತಪ್ಪು ಹೆಸರು ವೈನ್‌ನ ರುಚಿಯನ್ನೇ ಕೆಡಿಸಿತು ಎನ್ನುವುದು ನನಗೆ ಇಡೀ ಕಥೆಯಲ್ಲಿ ಅತಿ ಮುಖ್ಯವಾದ ಸಂಗತಿ. ಕಾರ್ಮೆನೇರ್ ಮೆರ್ಲೋಗಿಂತ ಮೂರು ನಾಲ್ಕು ವಾರ ತಡವಾಗಿ ಮಾಗುತ್ತದೆ. ಎರಡನ್ನೂ ಒಟ್ಟಿಗೆ ಕೊಯ್ದರೆ ಒಂದು ಹಣ್ಣಾಗಿರುತ್ತದೆ, ಇನ್ನೊಂದು ದೋರೆಗಾಯಿ. ದೋರೆಗಾಯಿಯಲ್ಲಿರುವ ಪೈರಜಿನ್ ಎಂಬ ರಾಸಾಯನಿಕ ವೈನ್‌ಗೆ ದಪ್ಪ ಮೆಣಸಿನಕಾಯಿಯ ಹಸಿ ವಾಸನೆ ತರುತ್ತದೆ. ಚಿಲಿಯ ಮೆರ್ಲೋಗೆ ಆ ವಾಸನೆ ಬಂದದ್ದು ಹೀಗೆ. ಬೆಳೆಗಾರರು ವ್ಯತ್ಯಾಸ ಗಮನಿಸಿರಲಿಲ್ಲ ಎಂದಲ್ಲ. ‘ಮೆರ್ಲೋ ಪೆಯುಮಾಲ್’ ಎಂಬ ಬೇರೆ ಹೆಸರೂ ಬಳಕೆಯಲ್ಲಿತ್ತು. ಅದೂ ಮೆರ್ಲೋದ ಒಂದು ಬಗೆ ಎಂದೇ ಅವರು ನಂಬಿದ್ದರು.

ಗುರುತು ಸಿಕ್ಕ ಮೇಲೂ ಹೆಸರು ತಕ್ಷಣ ಬರಲಿಲ್ಲ. ಮೊದಲ ಬಾಟಲಿಗಳು ‘ಗ್ರಾಂದ್ ವಿಡ್ಯೂರ್’ ಎಂಬ ಹಳೆಯ ಹೆಸರಿನಲ್ಲಿ ಹೊರಬಂದವು. 1990ರ ದಶಕ ಮುಗಿಯುವ ಮುನ್ನ ಚಿಲಿ ಸರ್ಕಾರ ಕಾರ್ಮೆನೇರ್‌ಗೆ ಪ್ರತ್ಯೇಕ ತಳಿಯೆಂಬ ಮಾನ್ಯತೆ ಕೊಟ್ಟಿತು. ಬೆಳೆಗಾರರು ಸಾಲುಗಳನ್ನು ಬೇರ್ಪಡಿಸಿದರು, ಕೊಯ್ಲಿಗೆ ಕಾಯುವುದನ್ನು ಕಲಿತರು. ಪೆಯುಮೊ, ಕೊಲ್ಚಾಗ್ವಾ ಕಣಿವೆಗಳಲ್ಲಿ ಈಗ ಏಪ್ರಿಲ್, ಕೆಲವೊಮ್ಮೆ ಮೇ ತಿಂಗಳವರೆಗೂ ಗೊಂಚಲುಗಳು ಬಳ್ಳಿಯಲ್ಲೇ ಇರುತ್ತವೆ. ಅಲ್ಲಿ ಅದು ಶರತ್ಕಾಲ. ‘ಕಾರ್ಮಿನ್’ ಎಂದರೆ ಕಡುಗೆಂಪು, ತಳಿಗೆ ಹೆಸರು ಬಂದದ್ದು ಆ ಬಣ್ಣದಿಂದಲೇ. ಕೊಯ್ಲಿನವರು ತೋಟಕ್ಕಿಳಿಯುವ ಹೊತ್ತಿಗೆ ಎಲೆಗಳಿಗೂ ಅದೇ ಬಣ್ಣ ಬಂದಿರುತ್ತದೆ.