ತೊಡೆಗೆ ಹಾಕುವ ಆ ಮೊದಲ ಸೂಜಿ

ಕೂಸು ಅತ್ತು, ತೂಕ ನೋಡಿ, ಬಟ್ಟೆ ಸುತ್ತುವ ಹೊತ್ತಿಗೆ ನರ್ಸ್ ಅದರ ತೊಡೆಗೊಂದು ಸೂಜಿ ಚುಚ್ಚುತ್ತಾರೆ. ಮನೆಯವರು ಅದನ್ನು ಲಸಿಕೆ ಎಂದುಕೊಳ್ಳುವುದುಂಟು. ಅಲ್ಲ, ಅದು ವಿಟಮಿನ್ ಕೆ. ಬರೀ 1 ಮಿಲಿಗ್ರಾಂ.

ಇದು ಸಿಕ್ಕಿದ್ದು ಕೋಳಿಮರಿಗಳ ದೆಸೆಯಿಂದ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ವಿಜ್ಞಾನಿ ಹೆನ್ರಿಕ್ ಡಾಮ್ 1929ರ ಸುಮಾರಿಗೆ ಕೊಲೆಸ್ಟರಾಲ್ ಅಧ್ಯಯನಕ್ಕೆಂದು ಮರಿಗಳಿಗೆ ಜಿಡ್ಡು ತೆಗೆದ ಮೇವು ಹಾಕುತ್ತಿದ್ದರು. ಮರಿಗಳ ಚರ್ಮದಡಿ ರಕ್ತ ಸೋರತೊಡಗಿತು. ಕೊಲೆಸ್ಟರಾಲ್ ಮರಳಿ ಕೊಟ್ಟರೂ ನಿಲ್ಲಲಿಲ್ಲ. ಮೇವಿನಲ್ಲಿ ಕಾಣೆಯಾಗಿದ್ದ ಆ ಬೇರೆ ಪದಾರ್ಥಕ್ಕೆ 1935ರಲ್ಲಿ ‘ಕೆ’ ಎಂದು ಹೆಸರಿಟ್ಟರು. ಹೆಪ್ಪುಗಟ್ಟುವುದಕ್ಕೆ ಅವರ ಡ್ಯಾನಿಶ್ ಭಾಷೆಯಲ್ಲಿರುವ ಪದ ಶುರುವಾಗುವುದೇ ಆ ಅಕ್ಷರದಿಂದ.

ಅದರ ಕೆಲಸ ಸೊಗಸಾದದ್ದು. ರಕ್ತ ಹೆಪ್ಪುಗಟ್ಟಿಸುವ ಕೆಲವು ಪ್ರೋಟೀನುಗಳನ್ನು ಲಿವರ್ ತಯಾರಿಸುತ್ತದೆ. ಅವುಗಳಿಗೆ ಕ್ಯಾಲ್ಸಿಯಂ ಹಿಡಿಯುವ ಕೊಕ್ಕೆ ಕೂಡಿಸಲು ವಿಟಮಿನ್ ಕೆ ಬೇಕು. ಕ್ಯಾಲ್ಸಿಯಂ ಹಿಡಿದರೆ ಮಾತ್ರ ಪ್ರೋಟೀನು ಗಾಯದ ಬಾಯಿಗೆ ಅಂಟಿ ಕೂರುತ್ತದೆ. ಕೊಕ್ಕೆ ಇಲ್ಲದ ಪ್ರೋಟೀನು ರಕ್ತದಲ್ಲಿ ಇದ್ದೂ ಇಲ್ಲದಂತೆ.

ಮಗುವಿಗೆ ಹೊಟ್ಟೆಯಲ್ಲಿದ್ದಾಗ ಮಾಸಿನ ಮೂಲಕ ಈ ವಿಟಮಿನ್ ದಾಟಿ ಬರುವುದು ತೀರಾ ಕಡಿಮೆ. ಎದೆಹಾಲಿನಲ್ಲೂ ಲೀಟರಿಗೆ ಕೆಲವೇ ಮೈಕ್ರೋಗ್ರಾಂ. ಬಾಣಂತಿ ದಿನಾ ಸೊಪ್ಪು ತಿಂದರೂ ಹಾಲಿನ ಲೆಕ್ಕ ಅಷ್ಟೇನೂ ಬದಲಾಗದು. ಹಾಗೆಂದು ಎದೆಹಾಲು ಬಿಡಿಸಬೇಕಿಲ್ಲ, ಕೊರತೆಯನ್ನು ಸೂಜಿಯೇ ತುಂಬುತ್ತದೆ.

ಸೂಜಿ ಹಾಕಿಸದ ಕೂಸಿಗೆ ಮೊದಲ ವಾರದಲ್ಲಿ ಹೊಕ್ಕುಳಿನಿಂದಲೋ ಮಲದಲ್ಲೋ ರಕ್ತ ಬಂದರೆ ಕಣ್ಣಿಗಾದರೂ ಬೀಳುತ್ತದೆ. ಭಯ ಆಮೇಲಿನದು. ನಾಮಕರಣ ಮುಗಿದು, ಹಾಲು ಕುಡಿದು ದುಂಡಗಾಗುತ್ತಿರುವ ಕೂಸಿಗೆ ಎರಡನೆಯ ವಾರದಿಂದ ಆರು ತಿಂಗಳೊಳಗೆ ಯಾವಾಗ ಬೇಕಾದರೂ ರಕ್ತಸ್ರಾವವಾಗಬಹುದು. ಹಾಗಾದಾಗ ಅದು ಬಹಳ ಸಲ ಮೆದುಳಿನಲ್ಲೇ.

1992ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನ ಒಂದು ಅಧ್ಯಯನ ಈ ಚುಚ್ಚುಮದ್ದಿಗೂ ಮಕ್ಕಳ ಕ್ಯಾನ್ಸರಿಗೂ ನಂಟಿರಬಹುದೆಂದು ಸಂಶಯ ಎಬ್ಬಿಸಿತು. ಆಮೇಲಿನ ದೊಡ್ಡ ಅಧ್ಯಯನಗಳಲ್ಲಿ ಆ ನಂಟು ಕಾಣಲಿಲ್ಲ. ಸಂಶಯ ಮಾತ್ರ ಸಾಯಲಿಲ್ಲ. 2013ರಲ್ಲಿ ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ನಾಲ್ಕು ಕೂಸುಗಳಿಗೆ ಹೀಗೆ ತಡವಾಗಿ ರಕ್ತಸ್ರಾವವಾಯಿತು. ನಾಲ್ಕೂ ಮಕ್ಕಳ ಅಪ್ಪ ಅಮ್ಮ ಸೂಜಿ ಬೇಡವೆಂದಿದ್ದರು. ಅವರು ಕೊಟ್ಟ ಕಾರಣಗಳಲ್ಲಿ ರಕ್ತದ ಕ್ಯಾನ್ಸರಿನ ಹೆದರಿಕೆಯೂ ಒಂದು.

ಸೂಜಿಯೇ ಏಕೆ, ಬಾಯಿಗೆ ಹನಿ ಹಾಕಬಾರದೇ? ಕೆಲವು ದೇಶಗಳಲ್ಲಿ ಹಾಕಿದ್ದಾರೆ. ಆದರೆ ಜಿಡ್ಡಿನಲ್ಲಿ ಕರಗುವ ಈ ವಿಟಮಿನ್ ಮೈಗೆ ಹತ್ತಲು ಕರುಳಿಗೆ ಪಿತ್ತರಸ ಇಳಿಯಬೇಕು. ಹನಿಯನ್ನು ಮತ್ತೆ ಮತ್ತೆ ಹಾಕಬೇಕು, ಮರೆತರೆ ಹೋಯಿತು. ಸ್ನಾಯುವಿಗೆ ಹಾಕಿದ್ದು ಅಲ್ಲೇ ಕುಳಿತು ಮೆಲ್ಲಗೆ ರಕ್ತಕ್ಕೆ ಇಳಿಯುತ್ತದೆ.

ಹನಿ ಕೈಕೊಡುವುದು ಮುಖ್ಯವಾಗಿ ಪಿತ್ತನಾಳ ಮುಚ್ಚಿಹೋದ ಕೂಸುಗಳಲ್ಲಿ. ಅದು ಹುಟ್ಟಿದಾಗ ಯಾರಿಗೂ ಗೊತ್ತಾಗಿರುವುದಿಲ್ಲ. ಎರಡು ವಾರ ಕಳೆದರೂ ಕಾಮಾಲೆ ಇಳಿಯದೆ, ಮಲ ಸುಣ್ಣದಂತೆ ಬಿಳಿಚಿಕೊಂಡಿದ್ದರೆ, ಸೂಜಿ ಹಾಕಿಸಿದ್ದರೂ ಸರಿಯೇ, ಮಗುವನ್ನು ಅವತ್ತೇ ಮಕ್ಕಳ ವೈದ್ಯರಿಗೆ ತೋರಿಸಬೇಕು.