ಔಟ್‌ಟರ್ನ್ ನಲ್ ಆದಾಗ: ಅಸರ್ಟ್ ಎಲ್ಲಿ, ಹೇಗೆ ಬರೆಯಬೇಕು

ಕೊಡಗಿನಲ್ಲಿ ಚೆರಿ ಕಾಫಿಯ (ಸಿಪ್ಪೆ ಸಮೇತ ಒಣಗಿಸಿದ ಹಣ್ಣಿನ) ಲೆಕ್ಕ ನಿಂತಿರುವುದು ಔಟ್‌ಟರ್ನ್ ಮೇಲೆ. 50 ಕಿಲೋ ಚೀಲದ ಒಣ ಚೆರಿಯಲ್ಲಿ 27 ಕಿಲೋ ಬೀಜ ಸಿಕ್ಕರೆ ಔಟ್‌ಟರ್ನ್ 27. 40 ಚೀಲಕ್ಕೆ 1,080 ಕಿಲೋ. ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ಫಂಕ್ಷನ್ ಬರೆಯುವ ಭಾಷೆಯಾದ ಪಿಎಲ್/ಪಿಜಿಎಸ್‌ಕ್ಯೂಎಲ್‌ನಲ್ಲಿ ಇದಕ್ಕೊಂದು ಫಂಕ್ಷನ್ ಬರೆದು, ‘ಬೀಜದ ತೂಕ ಚೆರಿಗಿಂತ ಹೆಚ್ಚಾದರೆ ಎರರ್’ ಎಂದು ಇಫ್ ಹಾಕಿದ್ದೀರಿ ಎನ್ನಿ. ಸ್ಯಾಂಪಲ್ ಫಲಿತಾಂಶ ಬಾರದೆ ಔಟ್‌ಟರ್ನ್ ನಲ್ (ಏನೂ ತುಂಬದ ಖಾಲಿ) ಇದ್ದರೆ ಗುಣಾಕಾರವೂ ನಲ್, ಹೋಲಿಕೆಯೂ ನಲ್. ಇಫ್ ಸುಮ್ಮನೆ ದಾಟಿಹೋಗುತ್ತದೆ. ಟೇಬಲ್ಲಿಗೇ ಹಾಕುವ ನಿಯಮವಾದ ಚೆಕ್ ಕನ್‌ಸ್ಟ್ರೈಂಟ್ ಕೂಡ ನಲ್ ಬಂದರೆ ತಡೆಯುವುದಿಲ್ಲ.

ಪೋಸ್ಟ್‌ಗ್ರೆಸ್ 9.5ನೇ ಆವೃತ್ತಿಯಲ್ಲಿ ಬಂದ ಅಸರ್ಟ್ (‘ಈ ಷರತ್ತು ನಿಜವಾಗಿರಲೇಬೇಕು’ ಎಂದು ಪರೀಕ್ಷಿಸುವ ಸಾಲು) ಹಾಗಲ್ಲ. ಷರತ್ತು ಸುಳ್ಳಾದರೂ ನಲ್ ಆದರೂ ಪಿ0004 ಎರರ್ ಕೊಟ್ಟು ನಿಲ್ಲಿಸುತ್ತದೆ. ಆದ್ದರಿಂದ ಷರತ್ತನ್ನು ತಿರುಗಿಸಿ ಬರೆಯಿರಿ: ‘ಬೀಜದ ತೂಕ ಸೊನ್ನೆಗಿಂತ ಹೆಚ್ಚು, ಚೆರಿಯ ತೂಕಕ್ಕಿಂತ ಕಡಿಮೆ’. ಅಸರ್ಟ್ ಇಡುವ ಜಾಗ: ಲೆಕ್ಕ ಮುಗಿದ ಮೇಲೆ, ಅಪ್‌ಡೇಟ್‌ಗೆ ಮೊದಲು.

ಗುಮಾಸ್ತರು 27 ಬದಲು 72 ಹೊಡೆದದ್ದನ್ನು ಹಿಡಿಯುವುದು ಅಸರ್ಟ್‌ನ ಕೆಲಸವಲ್ಲ. ಅದು ನಿತ್ಯ ಆಗುವ ತಪ್ಪು. ಫಂಕ್ಷನ್ನಿನ ಬಾಗಿಲಲ್ಲೇ ರೈಸ್ ಎಕ್ಸೆಪ್ಷನ್ ಬಳಸಿ, ಅವರಿಗೆ ಅರ್ಥವಾಗುವ ಮಾತಿನಲ್ಲಿ ತಿಳಿಸಬೇಕು. ಖಾಲಿ ಔಟ್‌ಟರ್ನ್ ಅನ್ನೂ ಅಲ್ಲೇ ವಾಪಸ್ ಕಳಿಸಿ. ಆ ಬಾಗಿಲನ್ನೂ ದಾಟಿ ತಪ್ಪು ಬಂದಿದೆ ಎಂದರೆ ಕೋಡಿನಲ್ಲೇ ದೋಷ ಇದೆ. ಅದನ್ನು ಹಿಡಿಯಲು ಅಸರ್ಟ್ ಬೇಕು.

ಸಂದೇಶ ಬರೆಯುವಲ್ಲಿ ತುಂಬ ಜನ ಎಡವುತ್ತಾರೆ. ಎರಡು ಪೈಪ್ ಗುರುತಿನಿಂದ ರಸೀದಿ ಸಂಖ್ಯೆ, ಔಟ್‌ಟರ್ನ್ ಜೋಡಿಸಿದರೆ, ಒಂದು ನಲ್ ಇದ್ದರೂ ಇಡೀ ಸಂದೇಶ ನಲ್ ಆಗುತ್ತದೆ. ಆಗ ಕಾಣುವುದು ‘ಅಸರ್ಶನ್ ಫೇಲ್ಡ್’ ಎಂಬ ಬರೀ ಮಾತು. ಯಾವ ರಸೀದಿ ಎಂದು ತಿಳಿಯಬೇಕಾದ ಹೊತ್ತಿಗೇ ಸುಳಿವು ಕೈಬಿಡುತ್ತದೆ. ಫಾರ್ಮ್ಯಾಟ್ ಫಂಕ್ಷನ್ ನಲ್ ಇದ್ದ ಜಾಗವನ್ನು ಖಾಲಿ ಬಿಟ್ಟು ಉಳಿದದ್ದನ್ನು ತೋರಿಸುತ್ತದೆ, ಅದನ್ನೇ ಬಳಸಿ. ಅಸರ್ಟ್ ಸೋತಾಗ ಮಾತ್ರ ಸಂದೇಶ ತಯಾರಾಗುವುದರಿಂದ ಉದ್ದ ಬರೆದರೂ ನಷ್ಟವಿಲ್ಲ.

ಗ್ರೇಡುಗಳ ತೂಕ ಕೂಡಿದರೆ ಒಟ್ಟು ಬೀಜಕ್ಕೆ ಸಮ ಎಂದು ಪರೀಕ್ಷಿಸುವುದಿದ್ದರೆ ಕಾಲಂಗಳು ನ್ಯೂಮರಿಕ್ ಆಗಿರಲಿ. ಡಬಲ್ ಪ್ರಿಸಿಷನ್‌ನಲ್ಲಿ 0.1 ಮತ್ತು 0.2 ಕೂಡಿದರೆ ಸರಿಯಾಗಿ 0.3 ಬರುವುದಿಲ್ಲ, ಲೆಕ್ಕ ಸರಿಯಿದ್ದೂ ಅಸರ್ಟ್ ಬೀಳುತ್ತದೆ.

ಹೆಸರಿಸದ ಎರರ್‌ಗಳನ್ನು ಹಿಡಿಯಲು ಬರೆಯುವ ‘ವೆನ್ ಅದರ್ಸ್’ ಅಸರ್ಟ್ ಎರರನ್ನು ಹಿಡಿಯುವುದಿಲ್ಲ, ಹಾಗೆಂದೇ ಮಾಡಿದ್ದಾರೆ. ಹೆಸರು ಹೇಳಿ ಹಿಡಿಯಬಹುದು, ಆದರೆ ದಯವಿಟ್ಟು ಬೇಡ: ತಪ್ಪು ಲೆಕ್ಕದ ಹಣ ಬೆಳೆಗಾರರ ಖಾತೆಗೆ ಹೋಗುವುದಕ್ಕಿಂತ ಟ್ರಾನ್ಸಾಕ್ಷನ್ ರದ್ದಾಗುವುದೇ ಮೇಲು.

ಪಿಎಲ್‌ಪಿಜಿಎಸ್‌ಕ್ಯೂಎಲ್ ಡಾಟ್ ಚೆಕ್ ಅಸರ್ಟ್ಸ್ ಎಂಬ ಸೆಟ್ಟಿಂಗ್ ಆಫ್ ಮಾಡಿದರೆ ಷರತ್ತು ಓಡುವುದೇ ಇಲ್ಲ. ಹಾಗಾಗಿ ಸ್ಟಾಕ್ ಕಳೆಯುವಂಥ, ರಸೀದಿ ಸಂಖ್ಯೆ ಮುಂದೂಡುವಂಥ ಫಂಕ್ಷನ್ನನ್ನು ಷರತ್ತಿನೊಳಗೆ ಕರೆಯಲೇಬೇಡಿ.